ಹತ್ತೊಂಬತ್ತು ಚುಕ್ಕೆ ಹನ್ನೊಂದು

21-11-1979, ಬುಧವಾರ. ಹೊನ್ನಾಳಿ.

ಸ್ಕೂಲಿನಲ್ಲಿ ಪಾಠ ಮಾಡಿ ಬಂದದ್ದು ಐದೂಕಾಲಿಗೆ. ಮೇಜರ್ ಅವರ ಕಾಗದ ಬಂದಿತ್ತು. ಬೆಂಗಳೂರಿನವರು, ನಿವೃತ್ತರು, ಯುದ್ಧಕಾಲದ ಆಯುಧ ಸಂಗ್ರಹಿಸುತ್ತಾರೆ. ಅಪ್ಪ ಮಿಲಿಟರಿಯಿಂದ ತಂದ ಜಪಾನೀ ಪಿಸ್ತೂಲಿಗೆ ಐದು ಸಾವಿರ. ಅದು ಕೊಹಿಮಾದಲ್ಲಿ ಶತ್ರುವಿನಿಂದ ಕಸಿದದ್ದೆಂದು ಮನೆಯವರು ಬರೆದುಕೊಟ್ಟರೆ ಒಂಬತ್ತು. ಒಂದು ಹಾಳೆಗೆ ನಾಲ್ಕು ಸಾವಿರ! ಡಿ. 2ಕ್ಕೆ ಬರುತ್ತಾರಂತೆ.

ಅಪ್ಪ ಹೋಗಿ ನಾಲ್ಕು ತಿಂಗಳು. ಲೈಸೆನ್ಸ್ ಅವರ ಹೆಸರಿನಲ್ಲಿತ್ತು. ಚುನಾವಣೆ ಬೇರೆ. ಡಿ. 5ರೊಳಗೆ ಲೈಸೆನ್ಸ್ ಇರುವವರಿಗೆ ಮಾರಬೇಕು, ಇಲ್ಲವೇ ಠಾಣೆಗೆ ಒಪ್ಪಿಸಬೇಕು.

ತಮ್ಮ ತಿಪ್ಪೇಶ ಬಂದಿದ್ದ. ನ್ಯಾಮತಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮೊತ್ತ ಕೇಳಿದ್ದೇ, "ಅಕ್ಕಾ, ಲೇತ್ ಮಿಷನ್ ಬಂದಂಗೇ ಬಿಡು. ನಿನ್ನ ಇಂಗ್ಲೀಷ್ ಚೆನ್ನಾಗೈತೆ, ಬರೆದು ಕೊಡು."

ಲೈಬ್ರರಿಯ ಕಾದಂಬರಿ ಹಿಡಿದು ಕೂತೆ. ರಷ್ಯನ್‌ನಿಂದ ಅನುವಾದ. ನಲವತ್ತನೇ ಪುಟದಲ್ಲಿ ಪಿಸ್ತೂಲು, ನಲವತ್ತೊಂದರಲ್ಲಿ ಅದೇ ಬಂದೂಕು...

23-11, ಶುಕ್ರವಾರ

ಮೇಜರ್ ಪಿಸ್ತೂಲಿನ ಮೇಲಿನ ಗುರುತುಗಳ ಪಡಿಯಚ್ಚು ಕೇಳಿದ್ದಾರೆ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ, ಮಕ್ಕಳು ನಾಣ್ಯಕ್ಕೆ ಮಾಡುವ ಹಾಗೆ. 19.11 ಮೂಡಿತು. ಓದುವ ಕ್ರಮ ಅವರ ಕಾಗದದಲ್ಲೇ ಇದೆ. ಮೊದಲನೆಯದು ಜಪಾನೀ ವರ್ಷ: 19 ಎಂದರೆ 1944. ಚುಕ್ಕೆಯ ನಂತರದ್ದು ಪಿಸ್ತೂಲು ತಯಾರಾದ ತಿಂಗಳು.

ನವೆಂಬರ್ 1944.

ಅಪ್ಪ ಕಸಿದದ್ದು ಅದೇ ವರ್ಷ ಜೂನ್‌ನಲ್ಲಿ. ನಮ್ಮೂರು ಬಿಳಿಚೋಡಿನ ಕಟ್ಟೆಯ ಮೇಲೆ ಎಷ್ಟು ಸಲ ಕೇಳಿಲ್ಲ! ಮಂಜು, ಬೆಟ್ಟ, ಜಪಾನೀ ಆಫೀಸರನ ಮಣಿಕಟ್ಟು. ತಯಾರಾಗುವ ಐದು ತಿಂಗಳು ಮೊದಲೇ ಕಸಿದುಕೊಂಡಿದ್ದಾರೆ.

ಮೂರು ಸಲ ಉಜ್ಜಿ ನೋಡಿದೆ. ಹನ್ನೊಂದೇ. ಪಡಿಯಚ್ಚನ್ನು ಅಂಚೆಗೆ ಹಾಕಲಿಲ್ಲ.

25-11, ಭಾನುವಾರ

ತಿಪ್ಪೇಶನಿಗೆ ತೋರಿಸಿದೆ.

"ಐದು ತಿಂಗಳಿಗೆಲ್ಲ ಯಾಕೆ ತಲೆ ಕೆಡಿಸ್ಕಂತೀಯ? ಅವರ ಕ್ಯಾಲೆಂಡರ್ ಮುಂದೆ ಓಡ್ತಿತ್ತೇನೋ."

"ನಾನು ಬರೆಯಲ್ಲ ಕಣೋ. ಐದಕ್ಕೇ ಕೊಡೋಣ."

"ಐದಕ್ಕೆ ಲೇತಿನ ಒಂದು ಕಾಲು ಬರ್ತೈತೆ." ಆಮೇಲೆ ದನಿ ತಗ್ಗಿಸಿ, "ಅವ್ವಂಗೆ ಗೊತ್ತಾದ್ರೆ?"

ಪಡಿಯಚ್ಚನ್ನು ಮಡಚಿ ಕಾದಂಬರಿಯೊಳಗಿಟ್ಟೆ.

30-11, ಶುಕ್ರವಾರ

ನಿನ್ನೆ ನಾನು ಸ್ಕೂಲಿನಲ್ಲಿದ್ದಾಗ ತಿಪ್ಪೇಶ ಟೂಲ್ ಬ್ಯಾಗ್ ಸಮೇತ ಬಂದಿದ್ದನಂತೆ. ಪಿಸ್ತೂಲಿಗೆ ಎಣ್ಣೆ ಬಿಟ್ಟನಂತೆ. ಇದ್ದ ಹಾಗೇ ಇರಲಿ ಎಂದು ಮೇಜರ್ ಎರಡು ಕಾಗದದಲ್ಲಿ ಬರೆದಿದ್ದಾರೆ, ನಾನು ನಾಲ್ಕು ಸಲ ಹೇಳಿದ್ದೇನೆ. ಈ ಮನೆಯಲ್ಲಿ ಯಾರಿಗೆ ಹೇಳುವುದು.

ಪಿಸ್ತೂಲು ಬಂದೂಕಾದ ಬಗ್ಗೆ ಕಾದಂಬರಿಯ ಅನುವಾದಕರಿಗೆ ಕಾರ್ಡು ಹಾಕಿದೆ. ಪುಟಸಂಖ್ಯೆ ಸಹಿತ.

2-12, ಭಾನುವಾರ. ಸಂಜೆ 5

ಮೇಜರ್ ಬಂದರು. ಮಂಡಕ್ಕಿ ಮುಟ್ಟಲಿಲ್ಲ. ಬಿಳಿ ಬಟ್ಟೆ ಹಾಸಿ, ಪಿಸ್ತೂಲಿಟ್ಟು, ಭೂತಗನ್ನಡಿ ಹಿಡಿದರು.

"ಹತ್ತೊಂಬತ್ತು ಚುಕ್ಕೆ ಒಂದು. ಜನವರಿ."

ನಾನು ತಲೆಯೆತ್ತಿದೆ. ಅವರೂ ಎತ್ತಿದರು.

"ಇಲ್ಲಿ ಇನ್ನೊಂದು ಅಂಕಿ ಇತ್ತು. ಯಾರ್ರೀ ಅರ ಹಾಕಿ ಉಜ್ಜಿದ್ದು?"

ತಿಪ್ಪೇಶ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ನವೆಂಬರ್ ಆಗಿದ್ದರೂ ಐದು ಸಾವಿರ ಖಂಡಿತ ಕೊಡುತ್ತಿದ್ದರಂತೆ. ಗುರುತು ಅಳಿಸಿದ ಮೇಲೆ ಅದು ಬರೀ ಕಬ್ಬಿಣ. ಬಾಗಿಲಲ್ಲಿ ನಿಂತು, "ಗುರುತು ಅಳಿಸೋದು ಅಪರಾಧ. ಠಾಣೆಯಲ್ಲಿ ಕೇಳ್ತಾರೆ. ಉತ್ತರ ಇಟ್ಕೊಂಡಿರಿ." ಕಾರು ಹೋಯಿತು.

"ಒಂಬತ್ತರ ಆಸೆಗೆ ಐದೂ ಕಳೆದ್ಯಲ್ಲೋ!"

"ಆಸೆ ಅಲ್ಲಕ್ಕಾ. ಆಯಪ್ಪ ಅವ್ವನ ಮುಂದೇನೇ ನವೆಂಬರ್ ಅಂತ ಓದಿಬಿಟ್ಟಿದ್ರೆ? ಅಪ್ಪ ಸುಳ್ಳು ಹೇಳಿದ್ರು ಅಂತ ಆಗ್ತಿತ್ತಲ್ಲ."

ಅವ್ವ ಒಳಗಿನಿಂದ ಬಂದು ಮಂಡಕ್ಕಿ ತಟ್ಟೆ ಎತ್ತಿಕೊಂಡಳು. "ಅಂಥವು ರಂಗೂನಿನಾಗೆ ರಾಶಿ ಬಿದ್ದಿದ್ವಂತೆ. ಯುದ್ಧ ಮುಗಿದ ಮ್ಯಾಲೆ. ಎಲ್ರೂ ಒಂದೊಂದು ಎತ್ಕಂಡ್ರಂತೆ. ಮದುವೆಯಾದ ವಾರಕ್ಕೇ ನಂಗೆ ಹೇಳಿದ್ರು ನಿಮ್ಮಪ್ಪ."

"ಮತ್ತೆ ಇಷ್ಟು ವರ್ಷ ಸುಮ್ನೆ ಕೂತು ಕೇಳಿದ್ಯಲ್ಲ?"

"ಚೆಂದ ಹೇಳ್ತಿದ್ರು. ಮಂಜು ಗಿಂಜು ಎಲ್ಲ."

ಅಂದರೆ ಈ ಮನೆಯಲ್ಲಿ ಕೊಹಿಮಾವನ್ನು ನಂಬಿದವರು ನಾನು ಮತ್ತು ತಿಪ್ಪೇಶ, ಇಬ್ಬರೇ.

4-12, ಮಂಗಳವಾರ

ಠಾಣೆಗೆ ಕೊಡುವ ಅರ್ಜಿ ಬರೆದೆ. ದೊರೆತ ಸ್ಥಳ: ರಂಗೂನ್. ಸ್ಥಿತಿ: ಒಂದು ಅಂಕಿ ಅಳಿಸಿದೆ. ಯಾರು ಅಳಿಸಿದರು ಎಂದು ಕೇಳುತ್ತಾರೆ. ರಿಪೇರಿ ಅಂಗಡಿಯವನ ಹೆಸರು ಒಮ್ಮೆ ಬರೆದುಕೊಂಡರೆ ಮುಗಿಯಿತು — ತಾಲ್ಲೂಕಿನಲ್ಲಿ ಎಲ್ಲಿ ನಾಡಬಂದೂಕು ಸಿಕ್ಕರೂ ಪೊಲೀಸರು ಅವನ ಅಂಗಡಿಗೇ ಬರುತ್ತಾರೆ. ಟೀಚರಾದರೆ ಬೈದು ಬಿಟ್ಟಾರು. ನಾನೇ ಎಂದು ಹೇಳುವುದೆಂದು ತೀರ್ಮಾನಿಸಿದ್ದೇನೆ.

ಅರ ಹಿಡಿದು ಗೊತ್ತಿಲ್ಲ. ತಿಪ್ಪೇಶ ಊರಿಗೆ ಹೊರಡುವಾಗ ವಿಚಾರಿಸಿದೆ. ಚಪ್ಪಟೆ ಅರ, ಆರಿಂಚು, ನಯ ಹಲ್ಲಿನದು. ಎಷ್ಟು ಹೊತ್ತು? ಹತ್ತು ನಿಮಿಷ. "ಯಾಕಕ್ಕಾ?" ಸುಮ್ಮನೆ ಎಂದೆ.

ಅಪ್ಪನಿಗೆ ಮಂಜು, ಬೆಟ್ಟ. ನನಗೆ ಅರ.

ನಾಳೆ ಹತ್ತೂವರೆಗೆ ಠಾಣೆ. ಚಪ್ಪಟೆ, ಆರಿಂಚು, ಹತ್ತು ನಿಮಿಷ —