ಜಪಾನಿನವನಿಗೆ ತಣ್ಣನೆಯ ಸೇಮಿಗೆ

೬ ಮೇ ೧೯೫೭, ಬೆಳಿಗ್ಗೆ

ನರಿಮೊಗರಿನ ರಸ್ತೆಯ ಬಗ್ಗೆ ಸಂಪಾದಕರಿಗೆ ಪತ್ರ. ಈ ವರ್ಷದ ಹದಿನಾಲ್ಕನೆಯದು. ಅವರು ಪೇಪರಿನಲ್ಲಿ ಹಾಕುವುದಿಲ್ಲ. ಹಾಕದಿರಲಿ.

ನಡುವೆ ಪಂಚಾಯತಿ ಅಧ್ಯಕ್ಷ ದುಗ್ಗಪ್ಪ ಬಂದ. ಬ್ಲಾಕ್ ಆಫೀಸಿನ ಇಂಗ್ಲಿಷ್ ಕಾಗದ ಓದಿ ಹೇಳಬೇಕಂತೆ. ನನ್ನದೇ ಶಿಷ್ಯ. ಇಂಗ್ಲಿಷ್ ಹತ್ತಲಿಲ್ಲ, ಅಧ್ಯಕ್ಷತೆ ಹತ್ತಿತು! ಕನ್ನಡಕ ಹುಡುಕುವ ತಾಳ್ಮೆ ಯಾರಿಗಿದೆ... ಹಾಗೆಯೇ ಓದಿದೆ. ಹದಿನೈದಕ್ಕೆ ಜಪಾನಿನ ತಜ್ಞರು ಬರುತ್ತಾರೆ, ಭತ್ತದ ಸಾಲುನಾಟಿ ತೋರಿಸಲು. ಊಟ ನಮ್ಮದು.

"ಜಪಾನಿನವರು ಎಂತ ತಿನ್ನುದು ಮಾಷ್ಟ್ರೆ?"

"ಚಾದಂಗಡಿಯ ಮೊಯ್ದೀನನನ್ನು ಕೇಳು. ಹಡಗಿನ ಅಡುಗೆಯವನಾಗಿ ಜಪಾನಿನ ಕೋಬೆ ಬಂದರು ಕಂಡವ."

೧೧ ಮೇ

ಮೊಯ್ದೀನನ ಅಂಗಡಿಯಲ್ಲಿ ಪರೀಕ್ಷೆ. ಶ್ಯಾವಿಗೆ ಮಣೆಯಲ್ಲಿ ಸೇಮಿಗೆ ಒತ್ತಿ, ಆರಿಸಿ, ಕೊಡಪಾನದಲ್ಲಿಟ್ಟು ಬಾವಿಗೆ ಇಳಿಸಿದ್ದ. ಮೇಲೆ ಬೇಯಿಸಿದ ಕೋಳಿ, ಎಳೆ ಎಳೆ ಬಿಡಿಸಿದ್ದು. ಮುಳ್ಳುಸೌತೆ, ಹುರಿದ ಎಳ್ಳು, ಶುಂಠಿ, ಲಿಂಬೆ. ಕೋಬೆಯ ಕಪ್ಪು ರಸದ ಬದಲು ಉಪ್ಪು-ಬೆಲ್ಲ.

"ಅಲ್ಲಿಯದ್ದು ಗೋಧಿ, ನಮ್ಮದು ಅಕ್ಕಿ. ಜಪಾನಿನವ ಕೋಪ ಮಾಡ್ಲಿಕ್ಕಿಲ್ಲ."

ದುಗ್ಗಪ್ಪ ಬೆರಳು ತಾಗಿಸಿ ಹಾರಿದ. "ಇದು ತಂಗಳು ಮಾರಾಯ! ಅತಿಥಿಗೆ ತಂಗಳು ಬಳಸುದಾ?"

"ತಂಗಳು ಅಂದ್ರೆ ಉಳಿದದ್ದು ಧಣಿ. ಇದು ತಂಪು ಮಾಡಿದ್ದು."

ನಾನು ಮೂರು ಸಲ ಹಾಕಿಸಿಕೊಂಡೆ. ಈ ಸೆಕೆಗೆ ಇಂಥದ್ದೊಂದು ಉಂಟೆಂದು ಅರವತ್ತು ವರ್ಷ ಯಾರೂ ಹೇಳಿರಲಿಲ್ಲ.

ಹೋಗುವಾಗ ದುಗ್ಗಪ್ಪನ ಮಾತು — ಊಟ ಚೆಂದ ಆದರೆ ಅಂಗಡಿಯ ಲೈಸೆನ್ಸು ಮುಂದುವರಿಯುತ್ತದೆ. ಇಲ್ಲವಾದರೆ ಜಾಗ ತನ್ನ ಭಾವನಿಗೆ. ನಾಚಿಕೆಯಿಲ್ಲದವ.

೧೫ ಮೇ, ಮಧ್ಯಾಹ್ನ ಮೂರು

ಪೆನ್ನಿನ ನಿಬ್ಬು ಮುರಿಯಿತು. ಸಿಟ್ಟಿಗೆ.

ಮಕ್ಕಳು ಬಿಳಿ ಕಾಗದಕ್ಕೆ ಕುಂಕುಮದ ದುಂಡು ಬಳಿದು ಬೀಸುತ್ತಿದ್ದರು. ಜೀಪಿನಿಂದ ಇಳಿದದ್ದು ತಂಜಾವೂರಿನ ಅಯ್ಯರ್. ಹಣೆ ತುಂಬ ವಿಭೂತಿ. ದುಗ್ಗಪ್ಪ ನೇರ ಊಟಕ್ಕೆ ಕೂರಿಸಿದ. ಮೊಯ್ದೀನ್ ಅಭಿಮಾನದಿಂದ ಬಟ್ಟಲಿಟ್ಟು ಮುಚ್ಚಳ ತೆಗೆದ. ಅಯ್ಯರ್ ಎದ್ದರು. ಜೀಪಿನಲ್ಲೇ ಕೂತು ತಂದಿದ್ದ ಮೊಸರನ್ನ ತಿಂದು ಹೊರಟರು. ಅದೂ ತಣ್ಣಗಿನದೇ!

"ಬ್ರಾಹ್ಮಣನ ಎದುರು ಕೋಳಿ ಇಟ್ಟೆಯಲ್ಲ!" ದುಗ್ಗಪ್ಪ ಊರೆದುರು ಕಿರುಚಿದ.

"ಜಪಾನಿನವ ಅಂತ ಹೇಳಿದ್ದು ನೀವೇ ಅಲ್ವಾ ಧಣಿ..."

"ಮಾಷ್ಟ್ರ ಇಂಗ್ಲಿಷು ತಪ್ಪುತ್ತದಾ? ಆಫೀಸಿನವರು ಆಳು ಬದಲಿಸಿದ್ದು. ನಿನಗೆ ಕಣ್ಣಿಲ್ವಾ? ಅಂಗಡಿ ಮುಚ್ಚು!"

೧೯೨೩ರ ನೆರೆಯಲ್ಲಿ ಉಪ್ಪಿನಂಗಡಿಯಲ್ಲಿ ಇದೇ ದುಗ್ಗಪ್ಪನ ಅಜ್ಜಿಯನ್ನು ಹೊತ್ತು ದೋಣಿಗೆ ಹಾಕಿದವ ಮೊಯ್ದೀನನ ಅಪ್ಪ. ಊರು ಮರೆತಿದೆ. ನಾನು ಮರೆತಿಲ್ಲ.

೧೬ ಮೇ

ಹದಿನೈದನೆಯ ಪತ್ರ: 'ಹೇಳದೆ ಆಳು ಬದಲಿಸುವ ಕಚೇರಿ'. ನಾಲ್ಕು ಪುಟ. ಖಾರವಾಗಿದೆ. ಸಾಕ್ಷಿಗೆ ಬ್ಲಾಕ್ ಆಫೀಸಿನ ಆ ಕಾಗದ ಬೇಕು. ದುಗ್ಗಪ್ಪನಿಗೆ ಹೇಳಿ ಕಳಿಸಿದೆ.

೧೯ ಮೇ

ಕಾಗದ ಬಂತು. ಕನ್ನಡಕ ಹಾಕಿ ಓದಿದೆ.

'ಎಕ್ಸ್‌ಪರ್ಟ್ ಇನ್ ದಿ ಜಾಪನೀಸ್ ಮೆಥಡ್.'

ಜಪಾನಿ ಪದ್ಧತಿಯ ತಜ್ಞ. 'ಪದ್ಧತಿ' — ಆ ಮೂರಕ್ಷರ ನುಂಗಿದವನು ನಾನು. ಯಾರೂ ಆಳು ಬದಲಿಸಲಿಲ್ಲ.

ವಾಕ್ಯ ಮುಗಿಯುವವರೆಗೆ ಓದದ ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ...

೨೦ ಮೇ, ಬೆಳಿಗ್ಗೆ ಒಂಬತ್ತು

ಹತ್ತಕ್ಕೆ ಪಂಚಾಯತಿ ಸಭೆ. ಲೈಸೆನ್ಸು ರದ್ದು ಮಾಡಲು. ನನ್ನ ತಪ್ಪು ಹೇಳಿದರೆ ದುಗ್ಗಪ್ಪ ನಗುತ್ತಾನೆ. ನಲವತ್ತು ವರ್ಷ ಕಲಿಸಿದ ಇಂಗ್ಲಿಷಿಗೆ ಊರೇ ನಗುತ್ತದೆ.

ಮೊಯ್ದೀನ್ ಬಂದ. ಕೈಯಲ್ಲಿ ಮುಚ್ಚಿದ ಬಟ್ಟಲು.

"ಕೊನೆಯ ಸೇಮಿಗೆ ಮಾಷ್ಟ್ರೆ. ಇಷ್ಟಪಟ್ಟು ತಿಂದದ್ದು ನೀವೊಬ್ಬರೇ. ಪೇಪರಿಗೆ ಬರೆಯುದು ಬೇಡ. ಯಾರ ತಪ್ಪೂ ಅಲ್ಲ."

ಜಗಲಿಯಲ್ಲಿ ಕೂರಿಸಿ ಒಳಗೆ ಬಂದಿದ್ದೇನೆ. ಬಟ್ಟಲು ಮುಟ್ಟಿಲ್ಲ. ಪತ್ರದ ನಾಲ್ಕು ಪುಟ ಹರಿದೆ. ಕಾಗದ ಅವನಿಗೆ ಓದಿ ಹೇಳಬೇಕು, ಆಮೇಲೆ ಸಭೆಗೆ. ಅವನಿಗೆ ಇಂಗ್ಲಿಷ್ ಬಾರದು. ನಾನು ಏನು ಓದಿದರೂ ನಂಬುತ್ತಾನೆ. ಈ ಸಲ ಕನ್ನಡಕ ಹಾಕಿ, ವಾಕ್ಯ ಮುಗಿಯುವವರೆಗೆ ಓದುತ್ತೇನೆ.