ಬೀಗ ಹಾಕಿದ ಬೀರುವಿನಲ್ಲಿ ಒಂದು ತೆನೆ

ಮಾನ್ಯ ನಿರ್ದೇಶಕರೇ,

ನಿಮ್ಮ ಕಚೇರಿಯ ಕಬ್ಬಿಣದ ಬೀರುವಿನಲ್ಲಿ, ಕಳವಿನ ಮಾಲು ಎಂಬ ಚೀಟಿ ಅಂಟಿಸಿಕೊಂಡು, ಒಂದು ಮೆಕ್ಕೆಜೋಳದ ತೆನೆ ಕುಳಿತಿದೆ. ಅದನ್ನು ಕದ್ದಳೆಂದು ನೀವು ಕೆಲಸದಿಂದ ತೆಗೆದದ್ದು ನನ್ನ ಅಕ್ಕನನ್ನು. ಇಪ್ಪತ್ತೆರಡು ವರ್ಷ ನಿಮ್ಮ ತಾಕುಗಳಲ್ಲಿ ತೆನೆಗಳಿಗೆ ಕಾಗದದ ಚೀಲ ತೊಡಿಸಿ, ಕೈಯಾರೆ ಪರಾಗ ಉದುರಿಸಿದವಳು. ಅವಳು ಕದ್ದದ್ದಾದರೂ ಎಲ್ಲಿಂದ? ನೀವೇ ಕಡಿಸಿ ಎಸೆದ ಕಸದ ರಾಶಿಯಿಂದ. ಕಸಕ್ಕೂ ಕಾವಲಿಡುವ ನಿಮ್ಮ ದಕ್ಷತೆಯನ್ನು ಹೇಗೆ ಹೊಗಳಲಿ?

ಆ ಗಿಡಗಳು ಉರುಳಿದ್ದು ನಮ್ಮ ಪ್ರಯೋಗಾಲಯದ ವರದಿಯಿಂದ. ಎಲೆಚೂರಿನ ಡಿಎನ್‌ಎಯಲ್ಲಿ ಗುರುತು ಹುಡುಕಿ, ಕಾಂಡಕೊಳೆ ರೋಗ ತಡೆಯುವ ಗುಣ ಯಾವ ಗಿಡದಲ್ಲಿದೆ ಎಂದು ಹೇಳುವುದು ನಮ್ಮ ಕೆಲಸ. ಗುಣವಿದ್ದದ್ದು ಹೊಸ ಹೈಬ್ರಿಡ್‌ನ ತಾಯಿಯಾಗುತ್ತದೆ, ಇಲ್ಲದ್ದು ಕುಡುಗೋಲಿಗೆ. ಚೂರುಗಳನ್ನಿಡುವ ತಟ್ಟೆಗೆ ತೊಂಬತ್ತಾರು ಗುಳಿ; ಮೊದಲ ಗುಳಿ ಯಾವ ಕಡೆಯೆಂದು ತಿಳಿಯಲು ಒಂದು ಮೂಲೆ ಕತ್ತರಿಸಿರುತ್ತದೆ. ಆ ದಿನ ತಟ್ಟೆ ಹಿಂದುಮುಂದಾಗಿ ಯಂತ್ರ ಸೇರಿತು. ಮೊದಲ ಗಿಡದ ಫಲಿತಾಂಶ ಕೊನೆಯ ಗಿಡದ ಹೆಸರಿಗೆ ಬಿತ್ತು. ಒಳ್ಳೆಯವು ಕಡಿದುಹೋದವು, ಕೊಳೆಯುವವು ಉಳಿದವು.

"ಬುಡ ಹಿಸುಕಿ ನೋಡಿ ಸಾರ್, ಗಟ್ಟಿ ಇದೆ. ಮೆತ್ತಗಾಗಿರೋದು ಆ ಕಡೆ ಸಾಲು" ಎಂದು ಗಿಡ ಕಡಿಯುವ ಮೊದಲೇ ಅಕ್ಕ ನಿಮ್ಮೆದುರು ಹೇಳಿದ್ದಳು. ಕಣ್ಣಿಗೆ ಕಾಣದ್ದು ಯಂತ್ರಕ್ಕೆ ಕಾಣುತ್ತದೆ ಎಂದು ನೀವು ನಕ್ಕಿರಿ. ನಿಜ. ಆದರೆ ನಾವು ತೋರಿಸಿದ್ದಷ್ಟೇ ಕಾಣುತ್ತದೆ.

ತಟ್ಟೆ ತಿರುಗಿಸಿಟ್ಟವನು ನಾನು. ಗಿಡ ಕಡಿದ ಮೂರನೆಯ ದಿನ ತಪ್ಪು ತಿಳಿದು ನಿಮ್ಮ ಮೇಜಿನ ಮುಂದೆ ಒಪ್ಪಿಕೊಂಡೆ. ನೀವು ಬಾಗಿಲು ಮುಚ್ಚಿಸಿದಿರಿ. "ವರದಿ ಮೇಲಕ್ಕೆ ಹೋಗಿಯಾಯ್ತು. ನಿನಗೂ ಮಕ್ಕಳಿದಾರಲ್ವೇನಪ್ಪ?" ಎಂದಿರಿ. ನಾನು ಬಾಯಿ ಮುಚ್ಚಿಕೊಂಡೆ. ಮರುದಿನ ಗೇಟಿನಲ್ಲಿ ಅಕ್ಕನ ಚೀಲ ಜಾಲಾಡಿದಾಗಲೂ ಮುಚ್ಚಿಕೊಂಡೇ ಇದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೊನೆಗೆ ಮನೆಯಲ್ಲಿ ನಿಜ ಹೇಳಿದಾಗ ಅವಳು ಬೈಯಲಿಲ್ಲ. "ತೆನೆ ಇನ್ನೂ ಹಸಿ ಇತ್ತು ಕಣೋ. ಒಣಗಿಸ್ತಾರೋ ಇಲ್ವೋ" ಎಂದಳು.

ಕಸದ ರಾಶಿ ಕೊಳೆತುಹೋಗಿದೆ; ಕಡಿದ ಒಳ್ಳೆಯ ಗಿಡಗಳಲ್ಲಿ ಉಳಿದಿರುವುದು ಅದೊಂದೇ ತೆನೆ. ಗಿಡದ ಸಂಖ್ಯೆ ಬರೆದ ಕಾಗದದ ಚೀಲ ಇನ್ನೂ ಅದರ ಮೈಮೇಲಿದೆ. ವಿಚಾರಣೆ ಮುಗಿಯುವ ತನಕ ಬೀರು ತೆಗೆಯುವಂತಿಲ್ಲವಂತೆ. ವಿಚಾರಣೆಗೆ ದಿನಾಂಕವೇ ಇಲ್ಲವಂತೆ. ಹಸಿ ತೆನೆಗೆ ಬೂಸ್ಟು ಹಿಡಿಯಲು ಎಷ್ಟು ದಿನ ಬೇಕೆಂದು ತಮ್ಮಂಥ ತಜ್ಞರಿಗೆ ನಾನು ಹೇಳಿಕೊಡಬೇಕೇ?

ಬೀರು ಇಂದೇ ತೆಗೆಸಿ. ತೆನೆ ಒಣಗಿಸಿ, ಕಾಳು ಬಿತ್ತಿಸಿ, ಎಲೆಗಳನ್ನು ಮತ್ತೆ ಪರೀಕ್ಷಿಸಿ. ಶಿಕ್ಷೆ ನನಗಿರಲಿ. ಬಿತ್ತುವ ಕೈ ಅಕ್ಕನದಾಗಿರಲಿ. ತಟ್ಟೆಯನ್ನು ಮಾತ್ರ ಬೇರೆ ಯಾರಿಗಾದರೂ ಕೊಡಿ.

ಇಂತಿ,
ನಿಮ್ಮ ಕಡತದಲ್ಲಿರುವ ಕಳ್ಳಿಯ ತಮ್ಮ