ಆ ನಾಲ್ವರು ಮತ್ತು ಅಪ್ಪನ ಎಡಗಿವಿ

ಮನೆಯಿಂದ,
ಮಾರ್ಚ್ ಹತ್ತು, ಸೋಮವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಎಂದಿದ್ದೆಯಲ್ಲ, ಕಡಿಮೆಯಾಯಿತೆ? ಹಡಗಿನ ಎಂಜಿನ್ ಕೋಣೆಯಲ್ಲಿ ದಿನವಿಡೀ ಬಗ್ಗಿ ಕೆಲಸ ಮಾಡುವವನಿಗೆ ಬೆನ್ನಿಗೆ ದಿಂಬು ಕೊಟ್ಟು ಕೂರು ಎನ್ನುವುದರಲ್ಲಿ ಅರ್ಥವಿಲ್ಲ. ಆದರೂ ಹೇಳುತ್ತಿದ್ದೇನೆ, ಅಮ್ಮ ಇದ್ದಿದ್ದರೆ ಹೇಳುತ್ತಿದ್ದಳು. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ, ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡು ಕೂತವರ ದವಡೆ ಇರುತ್ತದಲ್ಲ, ಹಾಗೆ. ಮುಟ್ಟಿದರೆ ಇದೆ ಎಂದು ಗೊತ್ತಾಗುತ್ತದೆ, ನನ್ನದು ಅನ್ನಿಸುವುದಿಲ್ಲ. ಅಮ್ಮ ಹೋದಾಗಿನಿಂದ ಹೀಗೆಯೇ. ಅಳುವಾದರೂ ಬರಲಿ ಎಂದು ಮೊನ್ನೆ ಇಷ್ಟದ ಕವನ ಸಂಕಲನವೊಂದನ್ನು ತೆಗೆದು ಕೂತೆ. ಛಂದಸ್ಸು ಎಲ್ಲೂ ತಪ್ಪಿಲ್ಲ ಅನ್ನಿಸಿತು. ಮುಚ್ಚಿಟ್ಟೆ. ಫೋನು ಮಾಡುವುದು ಬಿಟ್ಟು ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು ಕೂಗುತ್ತೀಯ, ನಾನು ಸುಮ್ಮನಿರುತ್ತೇನೆ, ಲೈನು ಹೋಯಿತೆಂದುಕೊಂಡು ನೀನು ಇಟ್ಟುಬಿಡುತ್ತೀಯ.

ವಿಷಯ ಅಪ್ಪನ ಕಿವಿಯದು. ನಿನ್ನ ಒತ್ತಾಯಕ್ಕೆ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಬಲಗಿವಿಯ ನರವೇ ಸತ್ತುಹೋಗಿದೆ, ಅಲ್ಲಿ ಏನು ಕೂರಿಸಿದರೂ ಪ್ರಯೋಜನವಿಲ್ಲವಂತೆ. ಎಡಗಿವಿಯ ಒಳಗೆ ಯಂತ್ರ ಕೂರಿಸಿದರೆ ಮಾತು ತಿಳಿಯುತ್ತದೆ. ಆದರೆ ಆ ಕಿವಿಯಲ್ಲಿ ಈಗಲೂ ಒಂದಿಷ್ಟು ಉಳಿದಿದೆ, ತೀರ ತಗ್ಗಿನ ಸ್ವರಗಳು ಮಾತ್ರ. ಗುಡುಗು, ನಿಂತ ಲಾರಿಯ ಗುರುಗುಟ್ಟು, ಅಮ್ಮನ ದನಿ. ಫೋನೆತ್ತಿದರೆ ಜನ ಅಮ್ಮನಿಗೆ "ಸಾರ್" ಎನ್ನುತ್ತಿದ್ದರಲ್ಲ, ಆ ದಪ್ಪ ದನಿ ಸರಿಯಾಗಿ ಅಪ್ಪನಿಗೆ ಉಳಿದ ಜಾಗದೊಳಗೇ ಬೀಳುತ್ತಿತ್ತು. ನಾವು ಹೇಳಿದ್ದನ್ನೆಲ್ಲ ಅವಳು ಮತ್ತೊಮ್ಮೆ ಹೇಳುವುದನ್ನು ನಾವು ಅವಳ ಚಾಳಿ ಅಂದುಕೊಂಡಿದ್ದೆವು. ಅಪ್ಪ ಇಷ್ಟು ಕಿವುಡರಾಗಿದ್ದಾರೆ ಎಂದು ತಿಳಿಯಲು ಅವಳು ಹೋಗಬೇಕಾಯಿತು. ಈಗ ಆ ಜಾಗದಲ್ಲಿ ಉಳಿದಿರುವುದು ಅರವತ್ತರ ದಶಕದ ಆ ರಾಕ್ ತಂಡ, ನಮ್ಮ ಮನೆಯಲ್ಲಿ "ನಾಲ್ವರು" ಎಂದರೆ ಸಾಕಾಗುತ್ತಿದ್ದ ಆ ನಾಲ್ವರು, ಅವರಲ್ಲೂ ತಗ್ಗು ಸ್ವರದ ಬೇಸ್ ಗಿಟಾರು ಮಾತ್ರ. ಶಸ್ತ್ರಚಿಕಿತ್ಸೆಯಲ್ಲಿ ಅದೂ ಹೋಗಬಹುದು. ಅಪ್ಪನೊಂದಿಗೆ ಮಾತಾಡಲು ನಾನು ಒಯ್ದಿದ್ದ ಸ್ಲೇಟಿನ ಮೇಲೆ ಡಾಕ್ಟರು ಬರೆದು ತೋರಿಸಿದರು: "ಮಾತು ಸಿಗುತ್ತದೆ, ಸಂಗೀತದ ಆಸೆ ಬೇಡ." ಮೊದಮೊದಲು ಎಲ್ಲರ ದನಿಯೂ ತಗಡು ಬಡಿದಂತೆ ಇರುತ್ತದೆ, ದಿನಾ ಯಾರಾದರೂ ಎದುರಿಗೆ ಕೂತು ಗಂಟೆಗಟ್ಟಲೆ ಮಾತಾಡಬೇಕು, ಆಗ ಮಿದುಳು ಕಲಿಯುತ್ತದೆ, ಇಲ್ಲವಾದರೆ ಯಂತ್ರ ದಂಡ ಎಂದೂ ಬರೆದರು. ಅಪ್ಪ ಓದಿದರು, ಅಂಗೈಯಿಂದ ಒರೆಸಿದರು, "ಯೋಚ್ನೆ ಮಾಡಿ ಹೇಳ್ತೀನಿ" ಎಂದು ಎದ್ದು ಬಂದರು.

ಇದನ್ನು ಚುಟುಕಾಗಿ ತಿಳಿಸಿದಾಗ ನೀನು ಕಳಿಸಿದ ಮೆಸೇಜು: "ಒಂದು ಹಳೇ ಬ್ಯಾಂಡಿಗೋಸ್ಕರ ಯಾರಾದ್ರೂ ಕಿವಿ ಬಿಡ್ತಾರೇನೇ?" ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪ್ರಶ್ನೆ ಮಾತ್ರ ತಲೆಯಲ್ಲಿ ಕೂತಿತು. ಅಷ್ಟು ದೊಡ್ಡವರೆ ಅವರು?

ನಿನ್ನ ವಾದ ನನಗೆ ಬಾಯಿಪಾಠ. ಊಟಕ್ಕೆ ಕೂತಾಗಲೆಲ್ಲ ನೀನು ಅಪ್ಪನನ್ನು ಕೆಣಕುತ್ತಿದ್ದೆ: "ಎಲ್ಲಾ ಕದ್ದ ಮಾಲು ಅಪ್ಪಾ. ತಾಳ ಹಳೇ ಕಪ್ಪು ಹಾಡುಗಾರರದ್ದು, ಟೇಪಿನ ಚಮತ್ಕಾರ ಅದ್ಯಾವುದೋ ಪ್ರಯೋಗಶಾಲೆಯವರದ್ದು. ಇವರದ್ದು ಅಂತ ಇರೋದು ತಲೆಗೂದಲು ಒಂದೇ." ಅಪ್ಪ ತುತ್ತು ನುಂಗಿ, "ಕದ್ದಿದ್ದೇ ಅಂತಿಟ್ಕೋ. ಕದ್ದು ತಂದು ಎಲ್ಲಿಟ್ರು ನೋಡೋ, ಪೆದ್ದ" ಎನ್ನುತ್ತಿದ್ದರು. ಅಮ್ಮ ಇಬ್ಬರಿಗೂ ಬಡಿಸುತ್ತ, "ಕದ್ದಿದ್ರೆ ಪೊಲೀಸರಿಗೆ ಹೇಳಿ, ತಟ್ಟೆ ಖಾಲಿ ಮಾಡಿ" ಎನ್ನುತ್ತಿದ್ದಳು.

ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ. ಅವರ ಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ ಬೇರೆಯವರ ಹಾಡುಗಳೇ ಎಷ್ಟೋ ಇವೆ. ಟೇಪನ್ನು ತಿರುಗುಮುರುಗು ಮಾಡುವುದು, ಬಳೆಯ ಹಾಗೆ ಸುತ್ತಿಸುವುದು, ಇವೆಲ್ಲ ಅವರಿಗಿಂತ ಮುಂಚೆಯೇ ಎಲ್ಲೋ ಮೂಲೆಯಲ್ಲಿ ಕೆಲವರು ಮಾಡಿದ್ದರು, ಕೆಲವರೇ ಕೇಳಿದ್ದರು. ಪದ್ಯದಲ್ಲೂ ಹಾಗೆಯೇ. ಹೊಸ ಲಯವನ್ನು ಮೊದಲು ಹಿಡಿದವನು ಯಾರೋ ಇರುತ್ತಾನೆ, ಅವನನ್ನು ಹುಡುಕಿ ತೆಗೆಯುವುದು ನಮ್ಮಂಥ ಎಂ.ಎ. ಮಾಡಿದವರ ಕೆಲಸ. ಆದರೆ ಇನ್ನೊಬ್ಬ ಬರುತ್ತಾನೆ. ಅವನು ಬರೆದ ಮೇಲೆ ಹಳೆಯ ಲಯದಲ್ಲಿ ಬರೆಯುವವನೂ ಬೇಕೆಂದೇ ಹಳೆಯದನ್ನು ಆರಿಸಿಕೊಂಡು ಬರೆಯಬೇಕಾಗುತ್ತದೆ. ಗೊತ್ತಿಲ್ಲದೆ ಹಳಬನಾಗಿರುವ ಸುಖ ಆಮೇಲೆ ಯಾರಿಗೂ ಇಲ್ಲ. ಆ ನಾಲ್ವರು ಮಾಡಿದ್ದು ಇದನ್ನು.

ಅಪ್ಪ ಕೆಲಸ ಮಾಡುತ್ತಿದ್ದ ರೆಕಾರ್ಡಿಂಗ್ ಸ್ಟುಡಿಯೋವನ್ನೇ ನೆನಪಿಸಿಕೋ. ಅವರು ಕೆಲಸಕ್ಕೆ ಸೇರಿದಾಗ ಅದು ಫೋಟೋ ತೆಗೆಯುವ ಅಂಗಡಿಯ ಹಾಗಿತ್ತಂತೆ. ಬನ್ನಿ, ನೆಟ್ಟಗೆ ನಿಲ್ಲಿ, ಹಾಡಿ, ಹೋಗಿ. ಒಂದು ದಿನ ಮಾಲೀಕರು ನಾಲ್ವರ ತಟ್ಟೆಯೊಂದನ್ನು ಕೊಟ್ಟು, ಟೇಪಿಗೆ ನಕಲು ಮಾಡು ಎಂದರು. ಹಾಡು ನೆಟ್ಟಗೆ ಬರುತ್ತಿದೆ, ಗಿಟಾರು ಮಾತ್ರ ಬಾಲದಿಂದ ತಲೆಗೆ ಹೀರಿಕೊಂಡ ಹಾಗೆ ಹಿಂದುಹಿಂದಕ್ಕೆ. ಯಂತ್ರ ಅರ್ಧ ಮಾತ್ರ ಕೆಡುವುದು ಹೇಗೆ ಎಂದು ಅಪ್ಪ ಸ್ಕ್ರೂ ಬಿಚ್ಚಿ, ಮೋಟಾರು ಹೊರಗೆ ತೆಗೆದು, ಏನೂ ಕೆಡದ ಯಂತ್ರವನ್ನು ಇಡೀ ದಿನ ರಿಪೇರಿ ಮಾಡಿದರು. ಸಂಜೆ ಮಾಲೀಕರು ಬಂದು, "ಏನಯ್ಯ ಇದು, ಬಾಣಂತನ ಮಾಡ್ಸಿದ್ಯಾ ಅದಕ್ಕೆ?" ಎಂದರಂತೆ. ಆ ನಾಲ್ವರು ಬೇಕೆಂದೇ ಹಾಗೆ ಮಾಡಿದ್ದಾರೆ ಎಂದು ಅಪ್ಪನಿಗೆ ಹೊಳೆದದ್ದು ಆಗ. ಮುಂದೆ ಸೋಪಿನ ಜಾಹೀರಾತಿನವರು ಬಂದು ಆ ಥರದ ಸದ್ದು ಬೇಕು ಎಂದರು. ಲಾಲಿ ಹಾಡುವ ಹೆಂಗಸು ತನ್ನ ದನಿಯ ಮೇಲೆ ತನ್ನದೇ ದನಿ ಹೊದಿಸಿ ಎಂದಳು. ಅವಳು ಆ ನಾಲ್ವರ ಹೆಸರನ್ನೂ ಕೇಳಿರಲಿಲ್ಲ. ಪ್ರಭಾವ ಎಂದರೆ ನನಗೆ ತಿಳಿದಂತೆ ಇಷ್ಟೇ, ಹೆಸರು ಗೊತ್ತಿಲ್ಲದವಳೂ ಬಂದು ಕೇಳುವುದು.

ಮತ್ತೆ ನಮ್ಮ ನಡುಮನೆ. ನಾಲ್ವರ ಸದ್ದೊಂದನ್ನು ಹೇಗೆ ಮಾಡಿದರೆಂದು ಪರೀಕ್ಷಿಸಲು ಅಪ್ಪ ಟೇಪಿನ ಎರಡು ತುದಿ ಅಂಟಿಸಿ ಕೋಣೆಯಷ್ಟು ದೊಡ್ಡ ಬಳೆ ಮಾಡಿ, ಅದನ್ನು ಬಿಗಿಯಾಗಿ ಹಿಡಿಯಲು ನಮ್ಮ ಕೈಗೆ ಒಂದೊಂದು ಪೆನ್ಸಿಲು ಕೊಟ್ಟು ಮೂಲೆಮೂಲೆಗೆ ನಿಲ್ಲಿಸುತ್ತಿದ್ದರಲ್ಲ. ಅಮ್ಮ ಒಂದು ಕಂಬ, ನಾನೊಂದು, ನೀನೊಂದು. ಟೇಪು ನಮ್ಮನ್ನು ಸುತ್ತಿ ಸುತ್ತಿ ಓಡುತ್ತಿತ್ತು. ಒಮ್ಮೆ ನೀನು ಸೀನಿದೆ, ಬಳೆ ಹರಿಯಿತು, ಅಮ್ಮ ನಕ್ಕಳು. ಇದನ್ನು ಬರೆಯುವಾಗ ಏನಾದರೂ ಆಗುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. ಶಾಯಿ ಒಣಗಿತು, ಅಷ್ಟೇ.

ಈಗ ಅಪ್ಪ ದಿನಾ ಮಧ್ಯಾಹ್ನ ಸ್ಪೀಕರಿನ ಪಕ್ಕ ನೆಲದ ಮೇಲೆ ಕೂರುತ್ತಾರೆ, ಎಡಗಿವಿ ಅದಕ್ಕೆ ಒತ್ತಿ, ಅಂಗೈ ಪೆಟ್ಟಿಗೆಯ ಮೇಲಿಟ್ಟು. ಹಾಡು ಹೋಗಿದೆ, ಹಾಡುವವರು ಹೋಗಿದ್ದಾರೆ, ಅಡಿಪಾಯ ಮಾತ್ರ ಕೇಳುತ್ತದೆ. "ಈ ಬೇಸ್ ನೋಡು, ಹಿಂದೆ ನಿಂತು ತಾಳ ಹಾಕ್ತಾ ಇಲ್ಲ, ತಾನೇ ಬೇರೆ ಹಾಡು ಹೇಳ್ತಾ ಇದೆ. ಅದನ್ನ ಮುಂದಕ್ಕೆ ತಂದೋರು ಇವರು" ಎನ್ನುತ್ತಾರೆ, ನನಗಲ್ಲ, ಗೋಡೆಗೆ. ಕೆಳಗಿನ ಮನೆಯ ದರ್ಜಿ ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿ, "ನಿಮ್ಮಪ್ಪ ಹಾಡು ಹಾಕಿದ್ರೆ ನನ್ನ ಗುಂಡಿ ಡಬ್ಬ ಮೇಜಿಂದ ನಡ್ಕೊಂಡು ಹೋಗ್ತದಮ್ಮಾ" ಎಂದ. ಕ್ಷಮಿಸಿ ಎಂದೆ. ಕಡಿಮೆ ಮಾಡಿ ಎಂದು ಅಪ್ಪನಿಗೆ ಬರೆದು ತೋರಿಸಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಇದು: ಅಷ್ಟು ದೊಡ್ಡವರು ಹೌದು. ಅದಕ್ಕಾಗಿ ಕಿವಿ ಬಿಡಬೇಕೆ ಎಂದರೆ ನನಗೆ ಗೊತ್ತಿಲ್ಲ. ಮಾಡಿಸಿಕೊಳ್ಳಿ ಎಂದೂ ನಾನು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವರಿಗೆ ಕೇಳಿಸಬೇಕು ಎಂದು ನೀನು ಹಟ ಹಿಡಿದಿದ್ದೀಯ. ಯಾರ ಮಾತು ಕೇಳಿಸಬೇಕು ಎಂದು ಮಾತ್ರ ಯಾವ ಮೆಸೇಜಿನಲ್ಲೂ ಬರೆದಿಲ್ಲ.

ಡೆಕ್ಕಿನ ಮೇಲೆ ಗಾಳಿಗೆ ನಿಲ್ಲುವಾಗ ಕಿವಿ ಮುಚ್ಚಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆ ಕೆಲಸ ಮಾಡುವವರೆಲ್ಲ ನೆಲ ಮುಟ್ಟಿ ಮನೆ ಸೇರಲಿ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ಅಪ್ಪ ಹೊರಗೆ ಬಂದು ಯಾರಿಗೆ ಎಂದರು. ನಿನ್ನ ಫೋಟೋ ತೋರಿಸಿದೆ. ನಿಂತುಕೊಂಡೇ ಹೇಳಿದರು: "ಆಪರೇಶನ್ ಆದ್ಮೇಲೆ ಎದುರಿಗೆ ಕೂತು ಮಾತಾಡೋರು ಯಾರು, ನೀನಾ? ಹಾಲು ತರೋಕೆ ಹೋಗ್ತೀನಿ ಅಂತ್ಲೂ ಹೇಳ್ದೆ ಹೋಗೋಳು ನೀನು. ಅವನಾದ್ರೆ ನಾಲ್ವರನ್ನ ಬೈಯೋಕೆ ಶುರು ಮಾಡಿದ್ರೆ ಸಂಜೆವರೆಗೂ ನಿಲ್ಸಲ್ಲ. ಅವನು ಬರೋದಾದ್ರೆ ಮಾಡಿಸ್ಕೋತೀನಿ. ಬರದಿದ್ರೆ ಇರೋದನ್ನೂ ಯಾಕೆ ಕಳ್ಕೊಳ್ಲಿ?" ನಾನು ಸ್ಲೇಟು ತೆಗೆದುಕೊಂಡು "ಬರುತ್ತಾನೆ" ಎಂದು ಬರೆದೆ. ನಿನ್ನನ್ನು ಕೇಳಲಿಲ್ಲ, ಕೇಳಿದರೆ ನೀನು ರಜೆಯ ಕಥೆ ಹೇಳುತ್ತೀಯ. ಆಸ್ಪತ್ರೆಗೆ ಫೋನು ಮಾಡಿ ದಿನ ಗೊತ್ತು ಮಾಡಿದ್ದೂ ಆಯಿತು, ಮುಂದಿನ ತಿಂಗಳ ಕೊನೆಯ ಗುರುವಾರ. ರಾತ್ರಿ ಅಡಿಗೆಗೆ ಏನು ಮಾಡಲಿ ಎಂದು ಬರೆದು ಕೇಳಲು ಸ್ಲೇಟು ಬೇಕಿತ್ತು. ಅಪ್ಪ ಅದನ್ನು ಒರೆಸಲು ಬಿಡುತ್ತಿಲ್ಲ, ಬೇರೆ ಕಾಗದ ತಗೋ ಅನ್ನುತ್ತಿದ್ದಾರೆ.